ನೋಥರ್, ಎಮ್ಮಿ

ನೋಥರ್, ಎಮ್ಮಿ (1882–1935): ಬೀಜಗಣಿತವನ್ನು ಸೂತ್ರಗಳ ಗಣನೆಯಿಂದ ರಚನೆಗಳ ಅಧ್ಯಯನದ ಕಡೆಗೆ ತಿರುಗಿಸಿದ ಜರ್ಮನ್ ಗಣಿತಜ್ಞೆ, ಅಮೂರ್ತ ಬೀಜಗಣಿತದ ಪ್ರವರ್ತಕರಲ್ಲಿ ಅಗ್ರಗಣ್ಯಳು. ಪೂರ್ಣ ಹೆಸರು ಅಮಾಲೀ ಎಮ್ಮಿ ನೋಥರ್. ರಿಂಗ್ ಮತ್ತು ಐಡಿಯಲ್‌ಗಳ ಸಾಮಾನ್ಯ ಸಿದ್ಧಾಂತ, ಅಪರಿವರ್ತನೀಯ ಬೀಜಗಣಿತ, ಗ್ರೂಪ್‌ಗಳ ನಿರೂಪಣ ಸಿದ್ಧಾಂತ ಇವು ಈಕೆಯ ಮುಖ್ಯ ಕಾರ್ಯಕ್ಷೇತ್ರಗಳು. ನಿಸರ್ಗನಿಯಮಗಳ ಸಮಮಿತಿಗೂ ಶಕ್ತಿ, ಸಂವೇಗ ಮೊದಲಾದವುಗಳ ಸಂರಕ್ಷಣೆಗೂ ಇರುವ ಸಂಬಂಧವನ್ನು ಸ್ಥಾಪಿಸಿದ 1918ರ ಪ್ರಮೇಯದಿಂದಾಗಿ ಈಕೆಯ ಹೆಸರು ಭೌತವಿಜ್ಞಾನದಲ್ಲಿಯೂ ಸ್ಥಿರವಾಗಿ ನಿಂತಿದೆ. ಹರ್ಮನ್ ವೈಲ್ ಈಕೆಯ ಸಂಶೋಧನಾ ಜೀವನವನ್ನು ಮೂರು ಘಟ್ಟಗಳಾಗಿ ವಿಂಗಡಿಸಿದ್ದಾನೆ: 1919ರವರೆಗಿನ ಅವಿಕಾರಿ ಸಿದ್ಧಾಂತದ ಕಾಲ, 1920ರಿಂದ 1926ರವರೆಗಿನ ಐಡಿಯಲ್ ಸಿದ್ಧಾಂತದ ಕಾಲ, 1927ರಿಂದ ಮರಣಪರ್ಯಂತದ ಅಪರಿವರ್ತನೀಯ ಬೀಜಗಣಿತದ ಕಾಲ. ಈ ಲೇಖನವೂ ಸ್ಥೂಲವಾಗಿ ಅದೇ ಕ್ರಮವನ್ನು ಅನುಸರಿಸುತ್ತದೆ.

ವಂಶ ಮತ್ತು ಬಾಲ್ಯ

ಎಮ್ಮಿ ನೋಥರ್ 1882ರ ಮಾರ್ಚ್ 23ರಂದು ಬವೇರಿಯ ಪ್ರಾಂತದ ಎರ್ಲಾಂಗೆನ್ ಪಟ್ಟಣದಲ್ಲಿ ಜನಿಸಿದಳು. ತಂದೆ ಮ್ಯಾಕ್ಸ್ ನೋಥರ್ (1844–1921) ಅಲ್ಲಿಯ ವಿಶ್ವವಿದ್ಯಾನಿಲಯದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದು, ಬೀಜೀಯ ಜ್ಯಾಮಿತಿಯ ಬೆಳವಣಿಗೆಗೆ ಗಣನೀಯ ಕಾಣಿಕೆಯಿತ್ತು ಯುರೋಪಿನಾದ್ಯಂತ ಖ್ಯಾತನಾಗಿದ್ದವನು. ತಾಯಿ ಇಡಾ ಅಮಾಲಿಯ ಕೌಫ್‌ಮನ್ ಕಲೋನ್ ನಗರದ ಸಿರಿವಂತ ಮನೆತನದವಳು. ಎರಡೂ ಕಡೆಯವರು ಯಹೂದಿ ವಂಶಸ್ಥರು. ನಾಲ್ವರು ಮಕ್ಕಳಲ್ಲಿ ಎಮ್ಮಿಯೇ ಹಿರಿಯಳು. ಮೂವರು ತಮ್ಮಂದಿರ ಪೈಕಿ ಆಲ್‌ಫ್ರೆಡ್ ರಸಾಯನವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು 1918ರಲ್ಲಿ ತೀರಿಕೊಂಡನು. ಫ್ರಿಟ್ಸ್ ಅನ್ವಯಿಕ ಗಣಿತದಲ್ಲಿ ಹೆಸರು ಗಳಿಸಿದನು.

ಬಾಲಿಕೆಯರಿಗಾಗಿ ನಡೆಯುತ್ತಿದ್ದ ಆ ಕಾಲದ ಪ್ರೌಢಶಾಲೆಗಳ ಶಿಕ್ಷಣ ವಿಶ್ವವಿದ್ಯಾನಿಲಯದ ಪ್ರವೇಶಕ್ಕೆ ದಾರಿಮಾಡಿಕೊಡುತ್ತಿರಲಿಲ್ಲ. ಭಾಷೆ, ಸಂಗೀತ, ಗೃಹಕೃತ್ಯಗಳಿಗೆ ಅಲ್ಲಿ ಪ್ರಾಧಾನ್ಯ. ಎಮ್ಮಿಯೂ ಅದೇ ಮಾರ್ಗವನ್ನು ಹಿಡಿದು, 1900ರಲ್ಲಿ ಬವೇರಿಯದ ಬಾಲಿಕಾಶಾಲೆಗಳಲ್ಲಿ ಫ್ರೆಂಚ್ ಮತ್ತು ಇಂಗ್ಲಿಷ್ ಭಾಷೆಗಳನ್ನು ಬೋಧಿಸಲು ಬೇಕಾದ ಪರೀಕ್ಷೆಯಲ್ಲಿ ಉತ್ತಮ ದರ್ಜೆಯಲ್ಲಿ ತೇರ್ಗಡೆಯಾದಳು. ಆದರೆ ಆ ಉದ್ಯೋಗವನ್ನು ಈಕೆ ಸ್ವೀಕರಿಸಲಿಲ್ಲ.

ವಿದ್ಯಾಭ್ಯಾಸ

ಸ್ತ್ರೀಯರ ಪ್ರವೇಶದಿಂದ ವಿದ್ಯಾಪೀಠದ ಸಮಸ್ತ ವ್ಯವಸ್ಥೆಯೂ ಬುಡಮೇಲಾಗುವುದೆಂದು ಎರ್ಲಾಂಗೆನ್ ವಿಶ್ವವಿದ್ಯಾನಿಲಯದ ಸೆನೆಟ್ 1898ರಲ್ಲಿ ನಿರ್ಣಯಿಸಿತ್ತು. ಸ್ತ್ರೀಯೊಬ್ಬಳು ತರಗತಿಯಲ್ಲಿ ಕುಳಿತು ಉಪನ್ಯಾಸ ಕೇಳಬೇಕಾದರೆ ಆಯಾ ಪ್ರಾಧ್ಯಾಪಕನ ಅನುಮತಿಯನ್ನು ಪ್ರತ್ಯೇಕವಾಗಿ ಪಡೆಯಬೇಕಾಗಿತ್ತು. ಹಾಗೆ ಪಡೆದರೂ ಪರೀಕ್ಷೆಯ ಹಕ್ಕಾಗಲಿ ಪದವಿಯ ಹಕ್ಕಾಗಲಿ ದೊರೆಯುತ್ತಿರಲಿಲ್ಲ. 1900ರಿಂದ 1902ರವರೆಗೆ ಎಮ್ಮಿ ನೋಥರ್ ಈ ಷರತ್ತಿಗೆ ಒಳಪಟ್ಟು ಶ್ರೋತೃವಾಗಿ ವ್ಯಾಸಂಗ ಮಾಡಿದಳು. ಆಗ ಅಲ್ಲಿದ್ದ 986 ವಿದ್ಯಾರ್ಥಿಗಳಲ್ಲಿ ಸ್ತ್ರೀಯರು ಇಬ್ಬರೇ. ಅದರೊಂದಿಗೆ ಪ್ರವೇಶಾರ್ಹತೆಯ ಪರೀಕ್ಷೆಗೂ ಸಿದ್ಧತೆ ನಡೆಸಿ 1903ರ ಜುಲೈ ತಿಂಗಳಲ್ಲಿ ನ್ಯೂರೆಂಬರ್ಗಿನಲ್ಲಿ ಅದರಲ್ಲಿ ಉತ್ತೀರ್ಣಳಾದಳು. ಅದೇ ಚಳಿಗಾಲದ ಅವಧಿಯನ್ನು ಗಾಟಿಂಗೆನ್ನಿನಲ್ಲಿ ಕಳೆದು ಡೇವಿಡ್ ಹಿಲ್ಬರ್ಟ್, ಫೆಲಿಕ್ಸ್ ಕ್ಲೈನ್, ಹರ್ಮನ್ ಮಿಂಕೋವ್‌ಸ್ಕಿ, ಖಗೋಳಜ್ಞ ಕಾರ್ಲ್ ಶ್ವಾರ್ಟ್ಸ್‌ಶಿಲ್ಡ್ ಮೊದಲಾದವರ ಉಪನ್ಯಾಸಗಳನ್ನು ಕೇಳಿದಳು. ಅಷ್ಟರಲ್ಲಿ ಬವೇರಿಯದ ನಿಯಮ ಬದಲಾಗಿ ಸ್ತ್ರೀಯರಿಗೆ ವಿಧ್ಯುಕ್ತ ಪ್ರವೇಶ ದೊರೆಯತೊಡಗಿದ್ದುದರಿಂದ 1904ರ ಅಕ್ಟೋಬರಿನಲ್ಲಿ ಎರ್ಲಾಂಗೆನ್ನಿಗೆ ಹಿಂದಿರುಗಿ ಗಣಿತದ ವಿದ್ಯಾರ್ಥಿನಿಯಾಗಿ ಹೆಸರು ನೋಂದಾಯಿಸಿದಳು.

ಅಲ್ಲಿ ಈಕೆಯ ಮಾರ್ಗದರ್ಶಕನಾದವನು ಪೌಲ್ ಗೋರ್ಡಾನ್. ಮ್ಯಾಕ್ಸ್ ನೋಥರನ ಸಹೋದ್ಯೋಗಿ, ಕುಟುಂಬದ ಸ್ನೇಹಿತ, ಅವಿಕಾರಿ ಸಿದ್ಧಾಂತದಲ್ಲಿ ಆ ತಲೆಮಾರಿನ ಪ್ರಮುಖ. ಬೀಜೋಕ್ತಿಯೊಂದರ ಚರಗಳನ್ನು ರೇಖೀಯವಾಗಿ ಮಾರ್ಪಡಿಸಿದಾಗಲೂ ಬೆಲೆಯಲ್ಲಿ ವ್ಯತ್ಯಾಸವಾಗದೆ ಉಳಿಯುವ, ಅಥವಾ ಕೇವಲ ಒಂದು ನಿಯತ ಗುಣಕದಷ್ಟು ಮಾತ್ರ ವ್ಯತ್ಯಾಸಗೊಳ್ಳುವ ಸಹಗುಣಕರಾಶಿಗೆ ಅವಿಕಾರಿ ಎಂದು ಹೆಸರು. ವರ್ಗ ಸಮೀಕರಣದ ಶೋಧಕ ಇದಕ್ಕೆ ಸರಳವಾದ ನಿದರ್ಶನ. ಇಂಥ ರಾಶಿಗಳೆಲ್ಲವನ್ನೂ ಉತ್ಪಾದಿಸಬಲ್ಲ ಪರಿಮಿತ ಪಟ್ಟಿಯೊಂದನ್ನು ಪ್ರತ್ಯಕ್ಷವಾಗಿ ಬರೆದುಕೊಡುವುದೇ ಗೋರ್ಡಾನನ ಸಂಪ್ರದಾಯದ ಲಕ್ಷ್ಯ. ನೋಥರಳ ಮಹಾಪ್ರಬಂಧವೂ ಅದೇ ಜಾಡಿನದು. ಮೂರು ಚರಗಳ ಚತುರ್ಥಘಾತ ರೂಪಗಳನ್ನು ಎತ್ತಿಕೊಂಡು, ಅವುಗಳಿಗೆ ಸಂಬಂಧಿಸಿದ 331 ರೂಪಗಳ ಪಟ್ಟಿಯನ್ನು ಕೊನೆಯಲ್ಲಿ ಕೊಟ್ಟಿರುವ ಆ ಕೃತಿಗೆ 1907ರ ಡಿಸೆಂಬರಿನಲ್ಲಿ ಅತ್ಯುಚ್ಚ ಶ್ರೇಣಿಯ ಡಾಕ್ಟರೇಟ್ ದೊರೆಯಿತು. ಮುಂದೆ ತಾನು ಹಿಡಿದ ಮಾರ್ಗ ಇದಕ್ಕೆ ತೀರ ವಿರುದ್ಧವಾದುದರಿಂದ ಈಕೆ ಈ ಪ್ರಬಂಧವನ್ನು ಸೂತ್ರಗಳ ಪೊದೆಯೆಂದು ಕರೆದು ತಳ್ಳಿಹಾಕಿದಳು. ಆದರೂ ಅದರ ಗಣನಕೌಶಲ ಅಸಾಧಾರಣವಾದದ್ದು.

ಎರ್ಲಾಂಗೆನ್ನಿನಲ್ಲಿ ಅವೈತನಿಕ ಸೇವೆ

1908ರಿಂದ 1915ರವರೆಗೆ ನೋಥರ್ ಎರ್ಲಾಂಗೆನ್ನಿನ ಗಣಿತ ವಿಭಾಗದಲ್ಲಿ ಹುದ್ದೆಯಾಗಲಿ ವೇತನವಾಗಲಿ ಇಲ್ಲದೆ ದುಡಿದಳು. ತಂದೆಗೆ ಅನಾರೋಗ್ಯವಾದಾಗ ಆತನ ಪರವಾಗಿ ಪಾಠ ಹೇಳಿದಳು, ಸಂಶೋಧನ ವಿದ್ಯಾರ್ಥಿಗಳಿಗೆ ನೆರವಾದಳು. 1909ರಲ್ಲಿ ಜರ್ಮನ್ ಗಣಿತ ಸಂಘದ ಸದಸ್ಯತ್ವ ದೊರೆಯಿತು.

1910ರಲ್ಲಿ ಗೋರ್ಡಾನ್ ನಿವೃತ್ತನಾದ ಬಳಿಕ, 1911ರಲ್ಲಿ ಆ ಪೀಠಕ್ಕೆ ಬಂದ ಅರ್ನ್ಸ್ಟ್ ಫಿಶರನ ಸಹವಾಸ ಈಕೆಯ ಬೌದ್ಧಿಕ ಜೀವನದ ತಿರುವಾಯಿತು. 1890ರ ಸುಮಾರಿನಲ್ಲಿಯೇ ಹಿಲ್ಬರ್ಟ್, ಅವಿಕಾರಿಗಳ ಪಟ್ಟಿಯನ್ನು ಬರೆಯದೆಯೇ, ಅಂತಹ ಪರಿಮಿತ ಪಟ್ಟಿ ಇದ್ದೇ ಇರಬೇಕೆಂಬುದನ್ನು ಸಾಮಾನ್ಯ ತರ್ಕದಿಂದ ಸಿದ್ಧಪಡಿಸಿ ಹಳೆಯ ಪಂಥವನ್ನು ಬೆರಗುಗೊಳಿಸಿದ್ದನು. ಆ ವಿಧಾನದ ಒಳತಿರುಳನ್ನು ನೋಥರ್ ಅರಿತದ್ದು ಫಿಶರನೊಂದಿಗಿನ ಚರ್ಚೆಗಳಿಂದ. ಇಬ್ಬರೂ ಒಂದೇ ಊರಿನಲ್ಲಿದ್ದರೂ, ಉಪನ್ಯಾಸಾನಂತರ ಹೊಳೆದ ವಿಚಾರಗಳನ್ನು ಅಂಚೆ ಕಾರ್ಡಿನಲ್ಲಿ ಬರೆದು ಕಳುಹಿಸುವಷ್ಟು ಆ ಚರ್ಚೆ ನಿರಂತರವಾಗಿತ್ತು. ಆ ಕಾರ್ಡುಗಳಲ್ಲಿ ಹಲವು ಉಳಿದುಬಂದಿವೆ. ಪರಿಮಿತ ಗ್ರೂಪ್‌ಗಳ (ಒಂದಾದ ಮೇಲೊಂದು ನಡೆಸಬಹುದಾದ, ಹಿಂದೆಗೆಯಬಹುದಾದ ಮಾರ್ಪಾಡುಗಳ ಗಣಗಳ) ಅವಿಕಾರಿಗಳನ್ನು ಕುರಿತು 1916ರಲ್ಲಿ ಪ್ರಕಟವಾದ ಲೇಖನದಲ್ಲಿ, ಅವನ್ನು ಉತ್ಪಾದಿಸಲು ಗ್ರೂಪ್‌ನ ಅಂಶಗಳ ಸಂಖ್ಯೆಯನ್ನು ಮೀರದ ಘಾತದ ಬಹುಪದೋಕ್ತಿಗಳೇ ಸಾಕೆಂಬ ಸೊಗಸಾದ ಫಲಿತಾಂಶವಿದೆ. ಇಲ್ಲಿಂದ ಮುಂದೆ ಈಕೆಯ ಬರಹದಲ್ಲಿ ಸೂತ್ರ ಕ್ಷೀಣಿಸುತ್ತದೆ, ಪರಿಕಲ್ಪನೆ ಬಲಿಯುತ್ತದೆ.

ಗಾಟಿಂಗೆನ್ನಿಗೆ ಆಗಮನ

1915ರಲ್ಲಿ ಹಿಲ್ಬರ್ಟ್ ಮತ್ತು ಕ್ಲೈನ್ ಈಕೆಯನ್ನು ಗಾಟಿಂಗೆನ್ನಿಗೆ ಆಹ್ವಾನಿಸಿದರು. ಐನ್‌ಸ್ಟೈನನ ಸಾರ್ವತ್ರಿಕ ಸಾಪೇಕ್ಷತಾ ಸಿದ್ಧಾಂತ ರೂಪುಗೊಳ್ಳುತ್ತಿದ್ದ ಆ ವರ್ಷದಲ್ಲಿ ಅವಿಕಾರಿಗಳನ್ನು ಬಲ್ಲವರ ಸಹಾಯ ಅವರಿಗೆ ಅತ್ಯಗತ್ಯವಾಗಿತ್ತು. ಆದರೆ ಜರ್ಮನಿಯಲ್ಲಿ ವಿಶ್ವವಿದ್ಯಾನಿಲಯದ ಬೋಧಕರಾಗಬೇಕಾದವರು ಡಾಕ್ಟರೇಟ್‌ನ ತರುವಾಯ ಬೋಧನಾಧಿಕಾರದ ಪರೀಕ್ಷೆಯೊಂದನ್ನು ದಾಟಬೇಕಾಗಿತ್ತು; ಪ್ರಷ್ಯದ ನಿಯಮಗಳ ಪ್ರಕಾರ ಆ ಅಧಿಕಾರ ಪುರುಷರಿಗೆ ಮಾತ್ರ ಮೀಸಲು. ಗಣಿತಜ್ಞರೂ ವಿಜ್ಞಾನಿಗಳೂ ನೋಥರಳ ಪರವಾಗಿದ್ದರೂ, ಅದೇ ಫ್ಯಾಕಲ್ಟಿಗೆ ಸೇರಿದ ಭಾಷಾಶಾಸ್ತ್ರಜ್ಞರು, ಇತಿಹಾಸಕಾರರು ಪ್ರಬಲವಾಗಿ ವಿರೋಧಿಸಿದರು. ಅಭ್ಯರ್ಥಿಯ ಲಿಂಗವನ್ನು ಅರ್ಹತೆಯ ವಿಷಯದಲ್ಲಿ ಎಣಿಸತಕ್ಕದ್ದಲ್ಲವೆಂಬ ಹಿಲ್ಬರ್ಟನ ವಾದ ಪುರಸ್ಕೃತವಾಗಲಿಲ್ಲ, ಮಂತ್ರಾಲಯವೂ ಮಣಿಯಲಿಲ್ಲ.

ಇದರಿಂದ ಹುಟ್ಟಿದ ಏರ್ಪಾಡು ಅಂದಿನ ಪಾಠಸೂಚಿಯಲ್ಲಿ ಇಂದಿಗೂ ಕಾಣಸಿಗುತ್ತದೆ. 1916–17ರ ಚಳಿಗಾಲದ ಪ್ರಕಟಣೆಯಲ್ಲಿ, ಗಣಿತೀಯ ಭೌತವಿಜ್ಞಾನದ ವಿಚಾರಗೋಷ್ಠಿ, ವಿಷಯ ಅವಿಕಾರಿ ಸಿದ್ಧಾಂತ, ನಡೆಸುವವನು ಪ್ರೊಫೆಸರ್ ಹಿಲ್ಬರ್ಟ್, ಸಹಾಯ ಡಾಕ್ಟರ್ ನೋಥರ್, ಸೋಮವಾರ 4ರಿಂದ 6, ಶುಲ್ಕವಿಲ್ಲ ಎಂಬ ವಿವರಗಳಿವೆ. ಪಾಠ ಹೇಳುತ್ತಿದ್ದವಳು ಸಹಾಯಕಳೆಂದು ನಮೂದಾದ ನೋಥರಳೇ. ನಾಲ್ಕು ವರ್ಷ ಹೀಗೆಯೇ ಕಳೆಯಿತು. ಮೊದಲ ಮಹಾಯುದ್ಧದ ಅಂತ್ಯದಲ್ಲಿ ಚಕ್ರಾಧಿಪತ್ಯ ಉರುಳಿ ಗಣರಾಜ್ಯ ಸ್ಥಾಪನೆಯಾದ ಮೇಲೆ, 1919ರ ಜೂನ್ ತಿಂಗಳಲ್ಲಿ, ಬೋಧನಾಧಿಕಾರ ಲಭಿಸಿತು. 1922ರಲ್ಲಿ ಪ್ರಾಧ್ಯಾಪಕಿಯೆಂಬ ಬಿರುದು ಬಂತು; ಆದರೆ ಅದು ಸರ್ಕಾರಿ ಹುದ್ದೆಯಲ್ಲ, ಸಂಬಳವಿಲ್ಲ, ಪಿಂಚಣಿಯ ಹಕ್ಕೂ ಇಲ್ಲ. ಬೀಜಗಣಿತದ ಬೋಧನೆಗೆಂದು ಅಲ್ಪ ಸಂಭಾವನೆ ದೊರೆಯತೊಡಗಿದ್ದು 1923ರಿಂದ. ಪೂರ್ಣ ಪ್ರಮಾಣದ ಪೀಠ ಜರ್ಮನಿಯಲ್ಲಿ ಈಕೆಗೆ ಎಂದೂ ದೊರೆಯಲಿಲ್ಲ. ತನ್ನ ಕಾಲದ ಬೀಜಗಣಿತವನ್ನೇ ರೂಪಿಸುತ್ತಿದ್ದ ವ್ಯಕ್ತಿಗೆ ಹೀಗಾದುದು ಅನ್ಯಾಯವೆಂದಲ್ಲದೆ ಬೇರೆ ಶಬ್ದದಿಂದ ಹೇಳಲಾಗದು.

ಸಮಮಿತಿಯ ಪ್ರಮೇಯಗಳು

ಸಾರ್ವತ್ರಿಕ ಸಾಪೇಕ್ಷತೆಯಲ್ಲಿ ಶಕ್ತಿಸಂರಕ್ಷಣೆಯ ಸ್ವರೂಪ ಹಿಲ್ಬರ್ಟನಿಗೂ ಕ್ಲೈನನಿಗೂ ಬಿಡಿಸಲಾಗದ ತೊಡಕಾಗಿತ್ತು. ಹಳೆಯ ಯಂತ್ರಶಾಸ್ತ್ರದಲ್ಲಿ ಶಕ್ತಿಯ ಸಂರಕ್ಷಣೆ ನೈಜ ನಿಯಮವಾಗಿದ್ದರೆ, ಹೊಸ ಸಿದ್ಧಾಂತದಲ್ಲಿ ಅದಕ್ಕೆ ಸಂವಾದಿಯಾದ ಸಮೀಕರಣ ಕ್ಷೇತ್ರಸಮೀಕರಣಗಳಿಂದ ತಾನಾಗಿಯೇ ಒದಗುವ ಸರ್ವಸಮಿಕೆಯಂತೆ ತೋರುತ್ತಿತ್ತು. ಈ ಪ್ರಶ್ನೆಯನ್ನು ಎತ್ತಿಕೊಂಡು ನೋಥರ್ ಬರೆದ, ವಿಚರಣ ಸಮಸ್ಯೆಗಳ ಅವಿಕಾರಿತ್ವವನ್ನು ಕುರಿತ ಲೇಖನವನ್ನು 1918ರ ಜುಲೈ 26ರಂದು ಗಾಟಿಂಗೆನ್ನಿನ ವಿಜ್ಞಾನ ಸಂಸ್ಥೆಯ ಮುಂದೆ ಕ್ಲೈನ್ ಮಂಡಿಸಿದನು. ನೋಥರ್ ಆ ಸಂಸ್ಥೆಯ ಸದಸ್ಯೆಯಾಗಿರಲಿಲ್ಲ.

ಅದರಲ್ಲಿ ಎರಡು ಪ್ರಮೇಯಗಳಿವೆ. ಭೌತವ್ಯವಸ್ಥೆಯೊಂದರ ಚಲನೆಯನ್ನು ನಿರ್ಧರಿಸುವ, ಕ್ರಿಯೆ ಎಂದು ಕರೆಯಲಾಗುವ ಅನುಕಲವು ನಿರಂತರವಾಗಿ ಬದಲಾಯಿಸಬಹುದಾದ ಕೆಲವು ಪ್ರಾಚಲಗಳ ಮಾರ್ಪಾಡುಗಳಿಗೆ ಒಳಗಾಗಿಯೂ ಹಾಗೆಯೇ ಉಳಿದರೆ, ಅಂಥ ಪ್ರತಿಯೊಂದು ಪ್ರಾಚಲಕ್ಕೂ ಸಂರಕ್ಷಿತವಾಗುವ ಒಂದೊಂದು ರಾಶಿ ಇರುತ್ತದೆ. ಇದು ಮೊದಲನೆಯ ಪ್ರಮೇಯ. ಇದರ ವಿಲೋಮವೂ ಸತ್ಯವೆಂದು ಲೇಖನ ಸಾಧಿಸುತ್ತದೆ. ನಿಯಮಗಳು ಇಂದು ಹೇಗೋ ನಾಳೆಯೂ ಹಾಗೆಯೇ ಇದ್ದರೆ, ಎಂದರೆ ಕಾಲದ ಆರಂಭಬಿಂದುವನ್ನು ಸರಿಸಿದರೂ ಅವು ಬದಲಾಗದಿದ್ದರೆ, ಶಕ್ತಿ ಸಂರಕ್ಷಿತವಾಗುತ್ತದೆ. ಇಲ್ಲಿಗೂ ಅಲ್ಲಿಗೂ ನಿಯಮ ಒಂದೇ ಆಗಿದ್ದರೆ ಸಂವೇಗ ಸಂರಕ್ಷಿತ. ದಿಕ್ಕುಗಳಲ್ಲಿ ಭೇದವಿಲ್ಲದಿದ್ದರೆ ಕೋನೀಯ ಸಂವೇಗ ಸಂರಕ್ಷಿತ. ಹಿಂದೆ ಒಂದೊಂದನ್ನೂ ಬೇರೆ ಬೇರೆಯಾಗಿ ಕಂಡುಹಿಡಿದು ಬೇರೆ ಬೇರೆಯಾಗಿ ಸಮರ್ಥಿಸಿದ್ದ ನಿಯಮಗಳು ಹೀಗೆ ಒಂದೇ ಕಾರಣದ ಫಲಗಳಾದವು. ಮಾರ್ಪಾಡುಗಳು ಪರಿಮಿತ ಪ್ರಾಚಲಗಳನ್ನಲ್ಲದೆ ಯಾದೃಚ್ಛಿಕ ಫಲನಗಳನ್ನೇ ಅವಲಂಬಿಸಿದಾಗ ಸಮೀಕರಣಗಳ ನಡುವೆಯೇ ಅನಿವಾರ್ಯ ಸಂಬಂಧಗಳು ಏರ್ಪಡುತ್ತವೆಂಬುದು ಎರಡನೆಯ ಪ್ರಮೇಯ. ಸಾರ್ವತ್ರಿಕ ಸಾಪೇಕ್ಷತೆ ಈ ಎರಡನೆಯ ವರ್ಗಕ್ಕೆ ಸೇರಿದುದರಿಂದಲೇ ಅಲ್ಲಿಯ ಶಕ್ತಿನಿಯಮ ಬೇರೆ ಬಗೆಯದಾಗಿದೆಯೆಂದು ಲೇಖನ ಸ್ಪಷ್ಟಪಡಿಸಿತು. ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮೂಲಕಣಗಳ ಸಿದ್ಧಾಂತ ಬೆಳೆದಂತೆ ಈ ಪ್ರಮೇಯಗಳು ಭೌತವಿಜ್ಞಾನಿಗಳ ನಿತ್ಯಸಾಧನಗಳಾದವು. ನೋಥರ್ ಮಾತ್ರ ಈ ವಿಷಯಕ್ಕೆ ಪುನಃ ಮರಳಲಿಲ್ಲ.

ಐಡಿಯಲ್ ಸಿದ್ಧಾಂತ

ಈಕೆಯ ಕೀರ್ತಿಗೆ ಗಣಿತಜ್ಞರ ದೃಷ್ಟಿಯಲ್ಲಿ ಮುಖ್ಯ ಆಧಾರ 1921ರಲ್ಲಿ ಗಣಿತ ವಾರ್ಷಿಕಿಯಲ್ಲಿ ಪ್ರಕಟವಾದ, ರಿಂಗ್‌ಗಳಲ್ಲಿ ಐಡಿಯಲ್ ಸಿದ್ಧಾಂತ ಎಂಬರ್ಥದ ಶೀರ್ಷಿಕೆಯ ಲೇಖನ. ಇದನ್ನು ತಿಳಿಯಲು ಕೆಲವು ಪದಗಳ ನಿರ್ದೇಶನ ಅವಶ್ಯ. ಸಂಕಲನ, ವ್ಯವಕಲನ, ಗುಣಾಕಾರಗಳು ಸಾಮಾನ್ಯ ನಿಯಮಗಳಿಗೆ ಅನುಸಾರವಾಗಿ ನಡೆಯುವ, ಆದರೆ ಭಾಗಾಕಾರ ಸದಾ ಸಾಧ್ಯವಾಗಬೇಕೆಂಬ ನಿರ್ಬಂಧವಿಲ್ಲದ ಗಣಕ್ಕೆ ರಿಂಗ್ ಎಂದು ಹೆಸರು. ಪೂರ್ಣಾಂಕಗಳ ಗಣ, ಬಹುಪದೋಕ್ತಿಗಳ ಗಣ ಇವು ರಿಂಗ್‌ಗಳು. ಸೊನ್ನೆಯನ್ನುಳಿದು ಮಿಕ್ಕ ಎಲ್ಲ ಅಂಶಗಳಿಂದಲೂ ಭಾಗಿಸಬಹುದಾದ, ಗುಣಾಕಾರ ಪರಿವರ್ತನೀಯವಾದ ರಿಂಗ್ ಫೀಲ್ಡ್ ಎನಿಸುತ್ತದೆ. ರಿಂಗ್‌ನ ಒಂದು ಉಪಗಣದ ಯಾವ ಎರಡು ಅಂಶಗಳ ವ್ಯತ್ಯಾಸವೂ ಅದರೊಳಗೇ ಇದ್ದು, ಅದರ ಯಾವ ಅಂಶವನ್ನು ರಿಂಗ್‌ನ ಯಾವ ಅಂಶದಿಂದ ಗುಣಿಸಿದರೂ ಗುಣಲಬ್ಧ ಅದರೊಳಗೇ ಉಳಿದರೆ, ಆ ಬರಿದಲ್ಲದ ಉಪಗಣವೇ ಐಡಿಯಲ್. ಪೂರ್ಣಾಂಕಗಳಲ್ಲಿ 6ರ ಅಪವರ್ತ್ಯಗಳೆಲ್ಲ ಸೇರಿ ಒಂದು ಐಡಿಯಲ್ ಆಗುತ್ತದೆ.

ಐಡಿಯಲ್ ಎಂಬ ಭಾವನೆ ಹುಟ್ಟಿದ್ದು ಹತ್ತೊಂಬತ್ತನೆಯ ಶತಮಾನದ ಸಂಖ್ಯಾಸಿದ್ಧಾಂತದಲ್ಲಿ. ಸಾಮಾನ್ಯ ಪೂರ್ಣಾಂಕವನ್ನು ಅವಿಭಾಜ್ಯ ಸಂಖ್ಯೆಗಳ ಗುಣಲಬ್ಧವಾಗಿ ಒಂದೇ ರೀತಿಯಲ್ಲಿ ಬಿಡಿಸಬಹುದು. ಆದರೆ √−5ನ್ನು ಸೇರಿಸಿಕೊಂಡ ಸಂಖ್ಯಾವ್ಯವಸ್ಥೆಯಲ್ಲಿ 6 = 2 × 3 ಎಂದೂ, 6 = (1 + √−5)(1 − √−5) ಎಂದೂ ಎರಡು ತೆರದ ವಿಘಟನೆಗಳಿದ್ದು, ಯಾವ ಅಪವರ್ತನವೂ ಇನ್ನು ಮುಂದೆ ಒಡೆಯುವುದಿಲ್ಲ. ಕುಮ್ಮರ್ ಮತ್ತು ಅವನ ಅನಂತರ ರಿಚರ್ಡ್ ಡೆಡಕಿಂಡ್, ಸಂಖ್ಯೆಗಳಿಗೆ ಬದಲಾಗಿ ಐಡಿಯಲ್‌ಗಳನ್ನು ವಿಘಟಿಸಿದರೆ ಕಳೆದುಹೋದ ಏಕೈಕತೆ ಮರಳಿ ದೊರೆಯುವುದನ್ನು ತೋರಿಸಿದ್ದರು. ಇತ್ತ ಬಹುಪದೋಕ್ತಿಗಳ ರಿಂಗ್‌ಗಳಲ್ಲಿ, ಚದುರಂಗದ ವಿಶ್ವಚಾಂಪಿಯನ್ ಆಗಿಯೂ ಪ್ರಸಿದ್ಧನಾದ ಇಮ್ಯಾನುಯೆಲ್ ಲಾಸ್ಕರ್ 1905ರಲ್ಲಿ ಇದಕ್ಕೆ ಸದೃಶವಾದ ವಿಘಟನೆಯನ್ನು ಕ್ಲಿಷ್ಟ ಗಣನೆಯ ಬಲದಿಂದ ಸಾಧಿಸಿದ್ದನು. ಎರಡು ಬೇರೆ ಬೇರೆ ಭೂಮಿಗಳಲ್ಲಿ ಬೆಳೆದ ಈ ಫಲಿತಾಂಶಗಳಿಗೆ ಸಮಾನವಾದ ಬೇರು ಯಾವುದೆಂಬುದನ್ನು ನೋಥರ್ ಕಂಡುಕೊಂಡಳು.

ಆ ಬೇರು ಒಂದೇ ಒಂದು ನಿಬಂಧನೆ. ಅದಕ್ಕೆ ಆರೋಹಣ ಸರಣಿಯ ನಿಬಂಧನೆ ಎನ್ನುತ್ತಾರೆ. ಒಂದರೊಳಗೊಂದು ಅಡಕವಾಗಿ ಬೆಳೆಯುತ್ತಾ ಹೋಗುವ ಐಡಿಯಲ್‌ಗಳ ಸಾಲು ಯಾವುದಾದರೂ ಪರಿಮಿತ ಹಂತದಲ್ಲಿ ನಿಲ್ಲಲೇಬೇಕೆಂಬುದು ಅದರ ಅರ್ಥ. ಪೂರ್ಣಾಂಕಗಳಲ್ಲಿ 48ರ ಅಪವರ್ತ್ಯಗಳ ಗಣ 24ರ ಅಪವರ್ತ್ಯಗಳಲ್ಲಿ, ಅದು 12ರವುಗಳಲ್ಲಿ, ಅದು 6ರವುಗಳಲ್ಲಿ, ಅದು 3ರವುಗಳಲ್ಲಿ ಅಡಗಿ, ಕೊನೆಗೆ ಸಮಸ್ತ ಪೂರ್ಣಾಂಕಗಳಲ್ಲಿ ಸೇರಿ ಸರಣಿ ಮುಗಿಯುತ್ತದೆ. 48ಕ್ಕೆ ಅಪವರ್ತನಗಳು ಪರಿಮಿತವಾಗಿರುವುದರಿಂದ ಅದು ಅನಂತವಾಗಿ ಸಾಗಲಾರದು. ಇದಕ್ಕೆ ಪ್ರತಿಯಾಗಿ, ಅನಂತ ಸಂಖ್ಯೆಯ ಚರಗಳಿರುವ ಬಹುಪದೋಕ್ತಿಗಳ ರಿಂಗ್‌ನಲ್ಲಿ ಮೊದಲ ಚರದಿಂದ ಹುಟ್ಟಿದ ಐಡಿಯಲ್, ಮೊದಲೆರಡರಿಂದ ಹುಟ್ಟಿದ್ದು, ಮೊದಲ ಮೂರರಿಂದ ಹುಟ್ಟಿದ್ದು ಹೀಗೆ ಸಾಲು ಎಂದಿಗೂ ಮುಗಿಯುವುದಿಲ್ಲ. ನಿಬಂಧನೆಗೆ ಒಳಪಟ್ಟ ರಿಂಗ್‌ಗಳನ್ನು ಇಂದು ನೋಥರೀಯ ರಿಂಗ್‌ಗಳೆಂದು ಕರೆಯಲಾಗುತ್ತದೆ. ಪ್ರತಿಯೊಂದು ಐಡಿಯಲ್ಲೂ ಪರಿಮಿತ ಸಂಖ್ಯೆಯ ಅಂಶಗಳಿಂದ ಉತ್ಪನ್ನವಾಗುವುದೆಂದು ಹೇಳಿದರೂ ಅರ್ಥ ಅದೇ.

ಇಷ್ಟು ಸರಳವಾದ ನಿಬಂಧನೆಯಿಂದ ಎಷ್ಟು ಕಾರ್ಯವಾಗುವುದೆಂಬುದಕ್ಕೆ ಆ ಲೇಖನದ ಒಂದು ತರ್ಕವನ್ನು ನೋಡಬಹುದು. ತನಗಿಂತ ದೊಡ್ಡವಾದ ಎರಡು ಐಡಿಯಲ್‌ಗಳ ಛೇದನವಾಗಿ ಬರೆಯಲಾಗದ ಐಡಿಯಲ್ಲನ್ನು ಅವಿಚ್ಛೇದ್ಯವೆನ್ನೋಣ. ಪ್ರತಿ ಐಡಿಯಲ್ಲೂ ಪರಿಮಿತ ಸಂಖ್ಯೆಯ ಅವಿಚ್ಛೇದ್ಯಗಳ ಛೇದನವೆಂಬುದು ಪ್ರತಿಜ್ಞೆ. ಹಾಗಲ್ಲದ ಐಡಿಯಲ್ ಒಂದಿದೆಯೆಂದು ಭಾವಿಸಿದರೆ, ಅದು ಸ್ವತಃ ಅವಿಚ್ಛೇದ್ಯವಾಗಿರಲಾರದು. ಆದ್ದರಿಂದ ದೊಡ್ಡವಾದ ಎರಡರ ಛೇದನ. ಆ ಎರಡರಲ್ಲಿ ಒಂದಾದರೂ ಮತ್ತೆ ಅದೇ ದೋಷವುಳ್ಳದ್ದು. ಅದಕ್ಕಿಂತ ದೊಡ್ಡದಾದ ಇನ್ನೊಂದು, ಅದಕ್ಕಿಂತ ದೊಡ್ಡದಾದ ಮತ್ತೊಂದು ಹೀಗೆ ಕೊನೆಯಿಲ್ಲದ ಆರೋಹಣ ಸರಣಿ ಹುಟ್ಟಿ ನಿಬಂಧನೆಗೆ ವಿರೋಧವುಂಟಾಗುತ್ತದೆ. ಲಾಸ್ಕರನ ದೀರ್ಘ ಗಣನೆಯ ಸ್ಥಾನದಲ್ಲಿ ಇಲ್ಲಿರುವುದು ಕೆಲವೇ ವಾಕ್ಯಗಳು. ಅವಿಚ್ಛೇದ್ಯವಾದ ಪ್ರತಿಯೊಂದೂ ಪ್ರಾಥಮಿಕ ಐಡಿಯಲ್, ಎಂದರೆ ಅವಿಭಾಜ್ಯದ ಘಾತಕ್ಕೆ ಸಂವಾದಿಯಾದದ್ದು, ಎಂಬುದನ್ನೂ ಸೇರಿಸಿದರೆ ಲಾಸ್ಕರ್–ನೋಥರ್ ಪ್ರಮೇಯ ಸಿದ್ಧಿಸುತ್ತದೆ. 360ರ ಅಪವರ್ತ್ಯಗಳು 8, 9, 5 ಇವುಗಳ ಅಪವರ್ತ್ಯಗಳ ಛೇದನವಾಗಿರುವುದು ಇದರ ಅತಿ ಪರಿಚಿತ ರೂಪ.

1926ರಲ್ಲಿ ಬಹುಪದೋಕ್ತಿಗಳ ರಿಂಗ್‌ಗಳನ್ನು ಸರಳೀಕರಿಸುವ, ಈಗ ನೋಥರ್ ಪ್ರಮಾಣೀಕರಣವೆಂದು ಹೆಸರಾದ ವಿಧಾನವೂ, 1927ರ ಮತ್ತೊಂದು ಪ್ರಧಾನ ಲೇಖನದಲ್ಲಿ, ಡೆಡಕಿಂಡನ ಏಕೈಕ ವಿಘಟನೆ ಯಾವ ಯಾವ ರಿಂಗ್‌ಗಳಲ್ಲಿ ಸಾಧ್ಯವೆಂಬುದನ್ನು ನಿಖರವಾಗಿ ಗುರುತಿಸುವ ಐದು ಸ್ವಯಂಸಿದ್ಧಗಳೂ ಪ್ರಕಟವಾದವು. ಆ ರಿಂಗ್‌ಗಳಿಗೆ ಇಂದು ಡೆಡಕಿಂಡನ ಹೆಸರೇ ಇದೆ. ಇದೆಲ್ಲವೂ ಡೆಡಕಿಂಡನಲ್ಲಿ ಮೊದಲೇ ಇದೆಯೆಂದು ಸದಾ ಹೇಳುತ್ತಿದ್ದ ನೋಥರಳಿಗೆ ಅದು ಒಪ್ಪಿತವೇ ಆಗುತ್ತಿತ್ತು. ಆತನ ಸಮಗ್ರ ಗಣಿತ ಕೃತಿಗಳನ್ನು ಫ್ರಿಕ್ಕೆ ಮತ್ತು ಓರೆಯವರೊಡಗೂಡಿ 1930ರಿಂದ 1932ರವರೆಗೆ ಸಂಪಾದಿಸಿದವರಲ್ಲಿ ಈಕೆಯೂ ಒಬ್ಬಳು.

ಅಪರಿವರ್ತನೀಯ ಬೀಜಗಣಿತ

ಗುಣಿಸುವ ಕ್ರಮ ಬದಲಾದರೆ ಗುಣಲಬ್ಧವೂ ಬದಲಾಗುವ ವ್ಯವಸ್ಥೆಗಳನ್ನು ಅಪರಿವರ್ತನೀಯವೆನ್ನುತ್ತಾರೆ. ಹ್ಯಾಮಿಲ್ಟನ್ 1843ರಲ್ಲಿ ಕಂಡುಹಿಡಿದ ಕ್ವಾಟರ್ನಿಯನ್‌ಗಳೂ ಮಾತೃಕೆಗಳೂ ಇದಕ್ಕೆ ನಿದರ್ಶನ. ಇಂಥ ವ್ಯವಸ್ಥೆಗಳು ಅತಿಸಮ್ಮಿಶ್ರ ಸಂಖ್ಯೆಗಳೆಂಬ ಹೆಸರಿನಲ್ಲಿ ಒಂದು ಕಡೆ, ಫ್ರೋಬೇನಿಯಸ್ ಮತ್ತು ಶೂರ್ ಬೆಳೆಸಿದ ಗ್ರೂಪ್‌ಗಳ ನಿರೂಪಣ ಸಿದ್ಧಾಂತ ಇನ್ನೊಂದು ಕಡೆ ಪ್ರತ್ಯೇಕವಾಗಿ ಬೆಳೆದಿದ್ದವು. 1929ರ ಲೇಖನದಲ್ಲಿ ನೋಥರ್ ಇವೆರಡನ್ನೂ ಮಾಡ್ಯೂಲ್ (ರಿಂಗ್‌ನ ಅಂಶಗಳಿಂದ ಗುಣಿಸಬಹುದಾದ, ಸಂಕಲನವುಳ್ಳ ಗಣ) ಎಂಬ ಒಂದೇ ಪರಿಕಲ್ಪನೆಯಡಿ ತಂದಳು: ಗ್ರೂಪನ್ನು ಮಾತೃಕೆಗಳಿಂದ ನಿರೂಪಿಸುವುದೆಂದರೆ, ಗ್ರೂಪ್‌ನಿಂದ ಕಟ್ಟಿದ ರಿಂಗ್‌ಗೆ ಒಂದು ಮಾಡ್ಯೂಲನ್ನು ಒದಗಿಸುವುದೇ ಆಗಿದೆ. ನಿರೂಪಣೆಗಳ ಪ್ರಶ್ನೆ ಆಗ ರಿಂಗ್‌ನ ಒಳರಚನೆಯ ಪ್ರಶ್ನೆಯಾಗಿ ಪರಿಣಮಿಸುತ್ತದೆ.

ಈ ಘಟ್ಟದ ಶಿಖರ ರಿಚರ್ಡ್ ಬ್ರೌವರ್ ಮತ್ತು ಹೆಲ್ಮುಟ್ ಹಾಸ್ಸೆಯವರೊಡನೆ 1932ರಲ್ಲಿ ಪ್ರಕಟಿಸಿದ, ಕುರ್ಟ್ ಹೆನ್ಸೆಲ್‌ನ 70ನೆಯ ಜನ್ಮದಿನಕ್ಕೆ ಅರ್ಪಿತವಾದ ಲೇಖನ. ಸಂಖ್ಯಾಫೀಲ್ಡೊಂದನ್ನು ಕೇಂದ್ರವಾಗುಳ್ಳ, ಭಾಗಾಕಾರ ಸಾಧ್ಯವಿರುವ, ಪರಿಮಿತ ಆಯಾಮದ ಪ್ರತಿಯೊಂದು ಬೀಜಗಣಿತವೂ ಚಕ್ರೀಯವೆಂಬ ನಿಯತ ರೀತಿಯಲ್ಲಿ ರಚಿತವಾಗಿದೆಯೆಂಬುದು ಅದರ ಮುಖ್ಯ ಪ್ರಮೇಯ.

ಟೊಪಾಲಜಿಯ ಮೇಲಿನ ಪ್ರಭಾವ

ಸ್ವಂತವಾಗಿ ಟೊಪಾಲಜಿಯಲ್ಲಿ ನೋಥರ್ ಬರೆದದ್ದು ಅತ್ಯಲ್ಪ. ಆದರೂ ಆಕೃತಿಗಳ ರಂಧ್ರಗಳನ್ನು ಎಣಿಸಲು ಬಳಸುತ್ತಿದ್ದ ಬೆಟ್ಟಿ ಸಂಖ್ಯೆಗಳ ಹಿಂದೆ ಗ್ರೂಪ್‌ಗಳಿವೆಯೆಂದೂ, ಸಂಖ್ಯೆಗಳನ್ನು ಬಿಟ್ಟು ಆ ಗ್ರೂಪ್‌ಗಳನ್ನೇ ಅಧ್ಯಯನ ಮಾಡುವುದು ಯುಕ್ತವೆಂದೂ ಈಕೆ 1920ರ ದಶಕದ ಮಧ್ಯದಲ್ಲಿ ಪಾವೆಲ್ ಅಲೆಕ್ಸಾಂಡ್ರೋವ್ ಮತ್ತು ಹೈನ್ಸ್ ಹೋಪ್ಫ್‌ರಿಗೆ ಸೂಚಿಸಿದಳು. ಅವರಿಬ್ಬರೂ ಅದನ್ನು ಕೂಡಲೇ ಅಳವಡಿಸಿಕೊಂಡರು. ಬೀಜೀಯ ಟೊಪಾಲಜಿ ಎಂಬ ಶಾಖೆಯ ಈಗಿನ ರೂಪಕ್ಕೆ ಈ ಸೂಚನೆಯೇ ಮುಖ್ಯ ಪ್ರೇರಣೆ.

ಬೋಧನೆ ಮತ್ತು ಶಿಷ್ಯವರ್ಗ

ಸಿದ್ಧಪಡಿಸಿದ ಟಿಪ್ಪಣಿಯನ್ನು ಒಪ್ಪಿಸುವುದು ನೋಥರಳ ಬೋಧನಾಕ್ರಮವಾಗಿರಲಿಲ್ಲ. ಇನ್ನೂ ಪಕ್ವವಾಗುತ್ತಿರುವ ವಿಚಾರಗಳನ್ನು ಶ್ರೋತೃಗಳ ಮುಂದೆಯೇ ಚಿಂತಿಸುತ್ತಾ ತ್ವರಿತವಾಗಿ ಮುಂದುವರಿಯುತ್ತಿದ್ದುದರಿಂದ ಹೊಸಬರಿಗೆ ಪಾಠ ದುರ್ಗಮವೆನಿಸುತ್ತಿತ್ತು. ಅನುಸರಿಸಬಲ್ಲವರಿಗೆ ಮಾತ್ರ ಸಿದ್ಧಾಂತವೊಂದು ಹುಟ್ಟುವ ಬಗೆ ಎದುರಿಗೇ ಗೋಚರವಾಗುತ್ತಿತ್ತು. ಪಾಠ ಕೊಠಡಿಗೆ ಸೀಮಿತವಾಗಿರಲಿಲ್ಲ. ಪಟ್ಟಣದ ಹೊರವಲಯದ ದೀರ್ಘ ನಡಿಗೆಗಳಲ್ಲಿ ಅದು ಮುಂದುವರಿಯುತ್ತಿತ್ತು. ತನ್ನ ಹೊಳಹುಗಳನ್ನು ಶಿಷ್ಯರಿಗೆ ಧಾರಾಳವಾಗಿ ಕೊಟ್ಟು, ಅವರು ಅವನ್ನು ತಮ್ಮ ಹೆಸರಿನಲ್ಲಿ ಪ್ರಕಟಿಸುವುದನ್ನು ಸಂತೋಷದಿಂದ ಕಾಣುತ್ತಿದ್ದ ಕಾರಣ, ಈಕೆಯ ಪ್ರಭಾವವನ್ನು ಸ್ವಂತ ಲೇಖನಗಳಿಂದ ಮಾತ್ರ ಅಳೆಯಲಾಗದು.

ಈಕೆಯ ಮಾರ್ಗದರ್ಶನದಲ್ಲಿ ಗಾಟಿಂಗೆನ್ನಿನಲ್ಲಿ ಮೊದಲು ಡಾಕ್ಟರೇಟ್ ಪಡೆದವಳು ಗ್ರೇಟೆ ಹರ್ಮನ್ (1925). ಜಾಕೋಬ್ ಲೆವಿಟ್ಸ್ಕಿ, ಮ್ಯಾಕ್ಸ್ ಡ್ಯೂರಿಂಗ್, ಹನ್ಸ್ ಫಿಟ್ಟಿಂಗ್, ಅರ್ನ್ಸ್ಟ್ ವಿಟ್, ಚೀನಾದಿಂದ ಬಂದ ಚಿಯುಂಗ್‌ತ್ಸೆ ತ್ಸೆನ್ ಮೊದಲಾದವರು ಈ ವರ್ಗದವರು. 1924ರಲ್ಲಿ ಹಾಲೆಂಡಿನಿಂದ ಬಂದ ವಾನ್ ಡರ್ ವಾರ್ಡನ್, ನೋಥರ್ ಮತ್ತು ಎಮಿಲ್ ಆರ್ಟಿನ್ ಇವರ ಉಪನ್ಯಾಸಗಳನ್ನು ಆಧರಿಸಿ ಬರೆದ ಆಧುನಿಕ ಬೀಜಗಣಿತವೆಂಬ ಎರಡು ಸಂಪುಟಗಳ ಗ್ರಂಥ (1930, 1931) ಹೊಸ ದೃಷ್ಟಿಯನ್ನು ಜಗತ್ತಿನ ಎಲ್ಲೆಡೆಗೂ ಒಯ್ದಿತು. 1928–29ರ ಚಳಿಗಾಲದಲ್ಲಿ ನೋಥರ್ ಮಾಸ್ಕೋ ವಿಶ್ವವಿದ್ಯಾನಿಲಯದಲ್ಲಿ ಸಂದರ್ಶಕ ಪ್ರಾಧ್ಯಾಪಕಿಯಾಗಿದ್ದಳು. 1932ರಲ್ಲಿ ಆರ್ಟಿನನೊಡನೆ ಆಕರ್‌ಮನ್–ಟೋಯ್ಬ್ನರ್ ಪಾರಿತೋಷಿಕವನ್ನು ಹಂಚಿಕೊಂಡಳು. ಅದೇ ವರ್ಷ ಜೂರಿಕ್‌ನಲ್ಲಿ ಸೇರಿದ ಅಂತರರಾಷ್ಟ್ರೀಯ ಗಣಿತ ಸಮ್ಮೇಳನದ ಪೂರ್ಣ ಸಭೆಯಲ್ಲಿ ಭಾಷಣ ಮಾಡಿದ ಮೊದಲ ಸ್ತ್ರೀಯೆನಿಸಿದಳು.

ಪದಚ್ಯುತಿ

1933ರ ಆರಂಭದಲ್ಲಿ ನಾಟ್ಸಿ ಪಕ್ಷ ಅಧಿಕಾರಕ್ಕೆ ಬಂದು, ಏಪ್ರಿಲ್ 7ರಂದು ಯಹೂದಿ ವಂಶದವರನ್ನೂ ರಾಜಕೀಯವಾಗಿ ಅನಭಿಮತರಾದವರನ್ನೂ ಸರ್ಕಾರಿ ಸೇವೆಯಿಂದ ಹೊರಹಾಕುವ ಶಾಸನವನ್ನು ಹೊರಡಿಸಿತು. ಅದೇ ತಿಂಗಳಲ್ಲಿ ನೋಥರಳಿಗೆ ಬೋಧನೆಯಿಂದ ದೂರವಿರುವಂತೆ ಆಜ್ಞೆಯಾಯಿತು. ಮ್ಯಾಕ್ಸ್ ಬಾರ್ನ್, ರಿಚರ್ಡ್ ಕೂರಾಂಟ್ ಮೊದಲಾದವರಿಗೂ ಇದೇ ಗತಿ. ಹಾಸ್ಸೆ ಸಂಗ್ರಹಿಸಿ ಸಲ್ಲಿಸಿದ ಗಣಿತಜ್ಞರ ಪ್ರಶಂಸಾಪತ್ರಗಳು ನಿಷ್ಫಲವಾದವು. ವಿಶ್ವವಿದ್ಯಾನಿಲಯದ ಬಾಗಿಲು ಮುಚ್ಚಿದ ಮೇಲೆ ವಿದ್ಯಾರ್ಥಿಗಳು ಈಕೆಯ ಮನೆಯಲ್ಲಿಯೇ ಸೇರಿ ಪಾಠ ಮುಂದುವರಿಸಿದರು. ಆ ದುರ್ದಿನಗಳಲ್ಲಿ ಈಕೆ ತೋರಿದ ಧೈರ್ಯವೂ, ತನ್ನ ಪಾಡನ್ನು ಕುರಿತ ನಿಶ್ಚಿಂತೆಯೂ ಎಲ್ಲರಿಗೂ ಆಧಾರವಾಗಿದ್ದವೆಂದು ಸಹೋದ್ಯೋಗಿಯಾಗಿದ್ದ ವೈಲ್ ಸಾಕ್ಷ್ಯ ನುಡಿದಿದ್ದಾನೆ.

ಸೋದರ ಫ್ರಿಟ್ಸ್ ರಷ್ಯಕ್ಕೆ ತೆರಳಿ ಸೈಬೀರಿಯದ ಟೋಮ್‌ಸ್ಕ್‌ನಲ್ಲಿ ಪ್ರಾಧ್ಯಾಪಕನಾದನು. 1937ರಲ್ಲಿ ಅಲ್ಲಿ ಬಂಧಿತನಾಗಿ 1941ರಲ್ಲಿ ಮರಣದಂಡನೆಗೆ ಗುರಿಯಾದನು. ಸೋವಿಯತ್ ನ್ಯಾಯಾಲಯ ಆತನನ್ನು ನಿರ್ದೋಷಿಯೆಂದು ಸಾರಿದ್ದು 1988ರಲ್ಲಿ.

ಅಮೆರಿಕ, ಮರಣ

ಆಕ್ಸ್‌ಫರ್ಡಿನ ಸಾಮರ್ವಿಲ್ ಕಾಲೇಜೂ ಅಮೆರಿಕದ ಬ್ರಿನ್ ಮಾರ್ ಕಾಲೇಜೂ ಈಕೆಗೆ ಆಶ್ರಯ ನೀಡಲು ಮುಂದಾದವು. ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಿಂದ, 1933ರ ಕೊನೆಯಲ್ಲಿ, ಫಿಲಡೆಲ್ಫಿಯ ನಗರದ ಸಮೀಪವಿರುವ ಬ್ರಿನ್ ಮಾರ್ ಮಹಿಳಾ ಕಾಲೇಜನ್ನು ಸೇರಿದಳು. ಅಲ್ಲಿಯ ಗಣಿತ ವಿಭಾಗದ ಮುಖ್ಯಸ್ಥೆ ಆ್ಯನಾ ಪೆಲ್ ವೀಲರ್ ಸ್ವತಃ ಗಾಟಿಂಗೆನ್ನಿನಲ್ಲಿ ವ್ಯಾಸಂಗ ಮಾಡಿದ್ದವಳಾದುದರಿಂದ ಹೊಸ ಪರಿಸರ ಪರಕೀಯವೆನಿಸಲಿಲ್ಲ. ಓಲ್ಗಾ ಟೌಸ್ಕಿ, ರೂತ್ ಸ್ಟಾಫರ್, ಮೇರಿ ವೈಸ್, ಗ್ರೇಸ್ ಶೋವರ್ ಎಂಬ ನಾಲ್ವರ ಸಣ್ಣ ಬಳಗವೊಂದು ಈಕೆಯ ಸುತ್ತ ಕೂಡಿತು. 1934ರಿಂದ ವಾರಕ್ಕೊಮ್ಮೆ ಪ್ರಿನ್ಸ್‌ಟನ್ನಿನ ಉನ್ನತ ಅಧ್ಯಯನ ಸಂಸ್ಥೆಗೆ ರೈಲಿನಲ್ಲಿ ಹೋಗಿ ಉಪನ್ಯಾಸ ಕೊಡುತ್ತಿದ್ದಳು. ಆ ವರ್ಷದ ಬೇಸಗೆಯಲ್ಲಿ ಗಾಟಿಂಗೆನ್ನಿಗೆ ಕೊನೆಯ ಬಾರಿ ಹೋಗಿ, ಗೃಹಸಾಮಗ್ರಿಯನ್ನು ಅಮೆರಿಕಕ್ಕೆ ಸಾಗಿಸಿದಳು.

1935ರ ಏಪ್ರಿಲ್‌ನಲ್ಲಿ ಅಂಡಾಶಯದ ಗೆಡ್ಡೆಗಾಗಿ ಶಸ್ತ್ರಚಿಕಿತ್ಸೆ ನಡೆಯಿತು. ಚೇತರಿಕೆಯ ಲಕ್ಷಣಗಳು ಕಂಡಿದ್ದರೂ ಜ್ವರ ಹಠಾತ್ತನೆ ಏರಿ, ಏಪ್ರಿಲ್ 14ರಂದು, ತನ್ನ 53ನೆಯ ವಯಸ್ಸಿನಲ್ಲಿ ನೋಥರ್ ನಿಧನಳಾದಳು. ಚಿತಾಭಸ್ಮವನ್ನು ಬ್ರಿನ್ ಮಾರ್ ಕಾಲೇಜಿನ ಗ್ರಂಥಾಲಯದ ಪ್ರಾಕಾರದಲ್ಲಿ ಇರಿಸಲಾಗಿದೆ. ಸ್ತ್ರೀಯರಿಗೆ ಉಚ್ಚ ಶಿಕ್ಷಣ ಆರಂಭವಾದಂದಿನಿಂದ ಕಾಣಿಸಿಕೊಂಡ ಸೃಜನಶೀಲ ಗಣಿತಪ್ರತಿಭೆಗಳಲ್ಲಿ ಈಕೆ ಸರ್ವಶ್ರೇಷ್ಠಳೆಂಬ ಅಭಿಪ್ರಾಯವನ್ನು ಐನ್‌ಸ್ಟೈನ್ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಗೆ ಬರೆದ ಪತ್ರದಲ್ಲಿ ವ್ಯಕ್ತಪಡಿಸಿದನು. ನಾಟ್ಸಿ ಆಡಳಿತದ ನಡುವೆಯೂ ವಾನ್ ಡರ್ ವಾರ್ಡನ್ ಬರೆದ ನುಡಿನಮನ ಜರ್ಮನಿಯ ಗಣಿತ ವಾರ್ಷಿಕಿಯಲ್ಲೇ ಪ್ರಕಟವಾಯಿತು.

ಸ್ಮಾರಕಗಳು ಮತ್ತು ಇಂದಿನ ಸ್ಥಿತಿ

ನೋಥರಳ ಸಮಗ್ರ ಲೇಖನಗಳು ನೇಥನ್ ಜೇಕಬ್‌ಸನ್‌ನ ಸಂಪಾದಕತ್ವದಲ್ಲಿ 1983ರಲ್ಲಿ ಹೊರಬಂದವು. ಎರ್ಲಾಂಗೆನ್ನಿನ ಒಂದು ಪ್ರೌಢಶಾಲೆಗೂ, ಚಂದ್ರನ ಮೇಲಿನ ಕುಳಿಯೊಂದಕ್ಕೂ, 7001ನೆಯ ಕ್ಷುದ್ರಗ್ರಹಕ್ಕೂ, ಜರ್ಮನಿಯಲ್ಲಿ ತರುಣ ಸಂಶೋಧಕರಿಗೆ ನೀಡುವ ಪ್ರಮುಖ ಅನುದಾನ ಯೋಜನೆಗೂ ಈಕೆಯ ಹೆಸರಿದೆ.

ನೋಥರೀಯ ರಿಂಗ್‌ಗಳ ಅಧ್ಯಯನ ಭಾರತದಲ್ಲಿಯೂ ಸ್ನಾತಕೋತ್ತರ ಗಣಿತದ ಅಂಗ. ಈ ಶಾಖೆಯ ಸಂಶೋಧನೆ ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿ 1950ರ ದಶಕದಿಂದಲೇ ಬೆಳೆಯಿತು. ಬಹುಪದೋಕ್ತಿಗಳ ರಿಂಗ್‌ಗಳ ಮೇಲಿನ ಮಾಡ್ಯೂಲ್‌ಗಳನ್ನು ಕುರಿತು ಗಣಿತಜ್ಞ ಸೆರ್ ಎತ್ತಿದ್ದ ಪ್ರಶ್ನೆಗೆ ಎರಡು ಚರಗಳ ಸಂದರ್ಭದಲ್ಲಿ ಸಿ. ಎಸ್. ಶೇಷಾದ್ರಿ 1958ರಲ್ಲಿ ಕೊಟ್ಟ ಉತ್ತರ ಅಲ್ಲಿಯ ಆರಂಭಿಕ ಸಾಧನೆಗಳಲ್ಲಿ ಒಂದು.

ಈಕೆ ಎತ್ತಿದ ಪ್ರಶ್ನೆಗಳಲ್ಲಿ ಒಂದು ಇಂದಿಗೂ ಜೀವಂತವಾಗಿದೆ. ಕೆಲವು ಚರಗಳನ್ನು ಪರಿಮಿತ ಗ್ರೂಪೊಂದು ಸ್ಥಾನಪಲ್ಲಟ ಮಾಡುವಾಗ ಬದಲಾಗದೆ ಉಳಿಯುವ ಪರಿಮೇಯ ಫಲನಗಳೆಲ್ಲವನ್ನೂ ಅಷ್ಟೇ ಸಂಖ್ಯೆಯ ಹೊಸ ಸ್ವತಂತ್ರ ಚರಗಳಿಂದ ಬರೆಯಬಹುದೇ ಎಂಬ ಈ ಪ್ರಶ್ನೆಗೆ ಉತ್ತರ ಹೌದೆಂದಾದಲ್ಲೆಲ್ಲ, ಆ ಗ್ರೂಪನ್ನೇ ತನ್ನ ಗ್ಯಾಲ್ವ ಗ್ರೂಪ್ (ಮೂಲಗಳ ಸಮಮಿತಿಗಳ ಗ್ರೂಪ್) ಆಗಿ ಉಳ್ಳ ಪರಿಮೇಯ ಸಹಗುಣಕಗಳ ಸಮೀಕರಣವನ್ನು ನಿರ್ಮಿಸಲು ಸಾಧ್ಯವಾಗುತ್ತದೆಂದು ನೋಥರ್ 1918ರಲ್ಲಿ ತೋರಿಸಿದ್ದಳು. ಪರಿಮೇಯ ಸಂಖ್ಯೆಗಳ ಮೇಲೆ ಉತ್ತರ ಸದಾ ಹೌದಲ್ಲವೆಂಬುದನ್ನು 1969ರಲ್ಲಿ ರಿಚರ್ಡ್ ಸ್ವಾನ್ 47 ಅಂಶಗಳ ಚಕ್ರೀಯ ಗ್ರೂಪಿನ ಉದಾಹರಣೆಯಿಂದ ಸಿದ್ಧಪಡಿಸಿದನು. ಸಮ್ಮಿಶ್ರ ಸಂಖ್ಯೆಗಳ ಮೇಲೂ ಹಾಗೆಯೇ ಎಂದು ಡೇವಿಡ್ ಸಾಲ್ಟ್‌ಮನ್ 1984ರಲ್ಲಿ ತೋರಿಸಿದನು. ಯಾವ ಯಾವ ಗ್ರೂಪ್‌ಗಳಿಗೆ ಉತ್ತರ ಹೌದೆಂಬುದರ ವರ್ಗೀಕರಣ ಇನ್ನೂ ಪೂರ್ಣಗೊಂಡಿಲ್ಲ.